ಸಿಪ್ಪೆ ಎದ್ದ ಬೂಟು, ಟ್ರಂಕಿನಲ್ಲಿರುವ ಸೀರೆ: ಪ್ರಾಣಿಗೆ ನೋವಾಗದ ಬಟ್ಟೆ-ಪಾದರಕ್ಷೆ ಆರಿಸುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿಯ ಒಂದು ಶಾಲೆಯಲ್ಲಿ ಶಿಕ್ಷಕಿ. ಎರಡು ವರ್ಷದ ಹಿಂದೆ ಹಾಲು-ಮೊಸರು ಬಿಟ್ಟೆ. ಆಮೇಲೆ ಚರ್ಮ, ರೇಷ್ಮೆ, ಉಣ್ಣೆಯೂ ಬೇಡ ಅನ್ನಿಸಿತು. ಕಳೆದ ಯುಗಾದಿಗೆ ‘ವೀಗನ್ ಲೆದರ್’ ಎಂದು ಬರೆದಿದ್ದ ಬೂಟನ್ನು ಆನ್‌ಲೈನಿನಲ್ಲಿ 2,400 ರೂಪಾಯಿ ಕೊಟ್ಟು ತರಿಸಿದೆ. ದೀಪಾವಳಿ ಹೊತ್ತಿಗೆ ಬೆರಳಿನ ಹತ್ತಿರ ಸಿಪ್ಪೆ ಏಳತೊಡಗಿತು. ಅದನ್ನು ನೋಡಿ ಮಾವನವರು, “ತೊಗಲಿನ ಚಪ್ಲಿ ಹತ್ತು ವರ್ಷ ಬರ್ತಿತ್ತು. ದನ ಹ್ಯಾಂಗೂ ಸತ್ತಿರ್ತದ. ನೀ ಪ್ಲಾಸ್ಟಿಕ್ ಹಾಕ್ಕೊಂಡು ಭೂಮಿ ಕೆಡಸ್ತಿ. ಇದ್ಯಾತರ ದಯಾ?” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಮನೆಯವರು ವಾಡಿ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿದ್ದಾರೆ. ಅವರ ಸೇಫ್ಟಿ ಬೂಟೂ ಚರ್ಮದ್ದೇ. ವೈಶಾಖದಲ್ಲಿ ನಾದಿನಿ ಮದುವೆ ಇದೆ, ಎಲ್ಲರೂ ರೇಷ್ಮೆ ಉಡುತ್ತಾರೆ. ಅಹಿಂಸಾ ರೇಷ್ಮೆ ತಗೊಳ್ಳಬಹುದಾ? ನನ್ನ ತಾಯಿ ಕೊಟ್ಟ ರೇಷ್ಮೆ ಸೀರೆ ಟ್ರಂಕಿನಲ್ಲಿದೆ, ಅದನ್ನು ಏನು ಮಾಡಲಿ? (ಹೆಸರು ಬೇಡ, ಕಲಬುರಗಿ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ನಾಲ್ಕು ಪ್ರಶ್ನೆ, ಒಳಗಿರುವ ಸಂಕಟ ಒಂದೇ. ಪ್ರಾಣಿಗೆ ನೋವಾಗಬಾರದು ಎಂದು ಹೊರಟಿರಿ. ದುಡ್ಡು ಹೋಯಿತು, ಮನೆಯಲ್ಲಿ ಮಾತು ಕೇಳಬೇಕಾಯಿತು, ಕಡೆಗೆ ಮಾಡಿದ್ದು ಸರಿಯೋ ತಪ್ಪೋ ಎಂಬ ಅನುಮಾನವೂ ಬಂತು. ನಾನು ಹುಟ್ಟಿದ್ದು ಶಹಾಬಾದಿನಲ್ಲಿ. ಕೆಲಸ ಮಾಡಿದ್ದು ಹೆಚ್ಚಾಗಿ ತಮಿಳುನಾಡಿನ ಆಂಬೂರಿನಲ್ಲಿ, ಪಾದರಕ್ಷೆ ಕಾರ್ಖಾನೆಗಳ ಪರೀಕ್ಷಾ ಕೊಠಡಿಗಳಲ್ಲಿ. ಚರ್ಮದ ಬೂಟು, ರೆಕ್ಸಿನ್ ಬೂಟು ಎರಡನ್ನೂ ಮಡಚಿ, ನೆನೆಸಿ, ಹರಿದು ನೋಡುವುದೇ ನನ್ನ ಕೆಲಸ. ಹಾಗಾಗಿ ಬೂಟಿನಿಂದಲೇ ಶುರು ಮಾಡುತ್ತೇನೆ.

ನಿಮ್ಮ ಬೂಟು ಹಾಳಾದದ್ದು ವೀಗನ್ ಆಗಿದ್ದಕ್ಕಲ್ಲ, ಪಿಯು ಎಂಬ ಪ್ಲಾಸ್ಟಿಕ್ಕಿನ ಅಗ್ಗದ ಮಾಲು ಆಗಿದ್ದಕ್ಕೆ. ‘ವೀಗನ್ ಲೆದರ್’ ಎಂಬ ಮಾತು ಬೂಟಿನಲ್ಲಿ ಏನಿಲ್ಲ, ಅಂದರೆ ಪ್ರಾಣಿಯ ಅಂಶ ಇಲ್ಲ, ಎಂದಷ್ಟೇ ಹೇಳುತ್ತದೆ. ಏನಿದೆ ಎಂದು ಹೇಳುವುದೇ ಇಲ್ಲ. ಒಳಗೆ ಪಿವಿಸಿ ಇರಬಹುದು, ಪಿಯು ಇರಬಹುದು, ಮೈಕ್ರೋಫೈಬರ್ ಇರಬಹುದು, ಅನಾನಸ್ ಎಲೆಯ ನಾರೂ ಇರಬಹುದು. ಬೆಲೆ, ಬಾಳಿಕೆ, ಕಾಲಿಗೆ ಆಗುವ ಹಿತ ಎಲ್ಲವೂ ಅದರ ಮೇಲೇ ನಿಂತಿವೆ.

ಪಿಯು ಅಂದರೆ ಪಾಲಿಯುರೆಥೇನ್. ಒಂದು ಬಟ್ಟೆಯ ಮೇಲೆ ಇದರ ತೆಳು ಪದರ ಕೂರಿಸಿ, ಮೇಲೆ ಚರ್ಮದ ಗೆರೆಗಳ ಅಚ್ಚು ಒತ್ತುತ್ತಾರೆ. ಅಗ್ಗದ ಮಾಲಿನಲ್ಲಿ ಆ ಪದರ ಒಂದು ಮಿಲಿಮೀಟರಿನಷ್ಟೂ ದಪ್ಪ ಇರುವುದಿಲ್ಲ. ನಡೆಯುವಾಗ ಬೂಟು ಬೆರಳಿನ ಬುಡದಲ್ಲಿ ಮಡಚುತ್ತದೆ, ಅಲ್ವಾ? ನಿಮ್ಮ ಬೂಟು ಸಿಪ್ಪೆ ಎದ್ದಿದ್ದೂ ಅಲ್ಲೇ. ಜೊತೆಗೆ, ಅಗ್ಗದ ಪಿಯುವಿನ ಅಣುಗಳ ಕೊಂಡಿಗಳು ತೇವ ತಾಗಿದರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಬೆವರಿನ ತೇವ ಸಾಕು, ಮಳೆಗಾಲದ ಗಾಳಿ ಸಾಕು. ಬಿಸಿ ಸೇರಿದರೆ ಕೆಲಸ ಇನ್ನೂ ಬೇಗ. ಕಲಬುರಗಿಯ ಬೇಸಿಗೆಯಲ್ಲಿ 42-43 ಡಿಗ್ರಿ ಹೊಸದಲ್ಲ. ಆ ಬಿಸಿಲಿಗೆ ನಿಲ್ಲಿಸಿದ ಸ್ಕೂಟಿಯ ಡಿಕ್ಕಿಯಲ್ಲಿ ಬೂಟು ಇಟ್ಟರೆ ಅದು ಒಲೆಯ ಮೇಲೆ ಇಟ್ಟಂತೆಯೇ.

ಇದರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಪಿಯು ಬಳಸದೆ ಇಟ್ಟರೂ ಹಾಳಾಗುತ್ತದೆ. ಪರಿಚಯದವರೊಬ್ಬರು ಮಗಳ ಮದುವೆಗೆಂದು ನಾಲ್ಕು ವರ್ಷ ಡಬ್ಬಿಯಲ್ಲೇ ಇಟ್ಟಿದ್ದ ಬೂಟನ್ನು ಹಾಕಿಕೊಂಡು ಕಲ್ಯಾಣಮಂಟಪಕ್ಕೆ ಬಂದರು. ಬಾಗಿಲಿನಿಂದ ಮಂಟಪದ ತನಕ ಹೆಜ್ಜೆಗೊಂದು ಕರಿ ಪುಡಿಯ ಗುರುತು. ಅಡಿಭಾಗ ಹಳೆಯ ಶೇಂಗಾ ಚಿಕ್ಕಿಯ ಹಾಗೆ ಉದುರುತ್ತಿತ್ತು. ಮುಖ್ಯವಾದದ್ದು ಏನೆಂದರೆ, ಆ ಬೂಟಿನ ಮೇಲ್ಭಾಗ ಒಳ್ಳೆಯ ಎಮ್ಮೆ ಚರ್ಮ. ಅಡಿ ಮಾತ್ರ ಪಿಯು. ಚರ್ಮದ್ದಾದರೆ ಹತ್ತು ವರ್ಷ ಬರುತ್ತದೆ ಎನ್ನುವ ಮಾತು ಹಳೆಯ ಕಾಲದ ಹೊಲಿದ ಚಪ್ಪಲಿಗೆ ನಿಜ. ಈಗಿನ ಅಂಟಿಸಿದ ಬೂಟಿಗೆ ಅದೇ ಮಾತು ಹೇಳಲಾಗದು.

ಪಿವಿಸಿಯೇ ನಾವು ರೂಢಿಯಲ್ಲಿ ರೆಕ್ಸಿನ್ ಅನ್ನುವುದು. ಮೆತ್ತಗಿರಲಿ ಎಂದು ಅದಕ್ಕೆ ಸೇರಿಸಿದ ಎಣ್ಣೆಯಂಥ ಪದಾರ್ಥ ಬಿಸಿಗೆ ಹೊರಗೆ ಬರುತ್ತದೆ. ಮೊದಲು ಅಂಟಂಟು, ಆಮೇಲೆ ಬಿರುಸು, ಕಡೆಗೆ ಬಿರುಕು. ಗಾಳಿ ಆಡುವುದಿಲ್ಲ, ಕಾಲು ಬೇಯುತ್ತದೆ. ನಮ್ಮ ಊರಿಗೆ ನಾನು ಇದನ್ನು ಹೇಳುವುದಿಲ್ಲ.

ಹಾಗಾದರೆ ಯಾವುದು? ದಿನಾ ಶಾಲೆಗೆ ಹೋಗುವವರಿಗೆ ನನ್ನ ಮೊದಲ ಆಯ್ಕೆ ದಪ್ಪ ಹತ್ತಿ ಕ್ಯಾನ್ವಾಸಿನ ಬೂಟು, ರಬ್ಬರ್ ಅಡಿ. ಗಾಳಿ ಆಡುತ್ತದೆ, ಒಗೆಯಬಹುದು, ಹರಿದರೆ ಹೊಲಿಸಬಹುದು. ‘ಚರ್ಮದಂತೆ ಕಾಣಬೇಕು’ ಎಂಬ ಆಸೆ ಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಕಪ್ಪು ಬೂಟೇ ಬೇಕು ಅಂದರೆ ಮೈಕ್ರೋಫೈಬರ್ ಎಂದು ಬರೆದಿರುವುದನ್ನು ಹುಡುಕಿ. ಅದು ಬಟ್ಟೆಯ ಮೇಲೆ ಬಳಿದ ಪದರವಲ್ಲ. ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳನ್ನು ಒತ್ತೊತ್ತಾಗಿ ಸೇರಿಸಿ ಪಿಯುನಲ್ಲಿ ನೆನೆಸಿ ಮಾಡಿದ ಹಾಳೆ. ಒಳಗಿನ ತನಕ ಒಂದೇ ಹದ, ಹಾಗಾಗಿ ಸಿಪ್ಪೆ ಏಳುವುದು ಬಹಳ ಕಡಿಮೆ. ಬೆಲೆ ಜಾಸ್ತಿ. ಇದೂ ಪ್ಲಾಸ್ಟಿಕ್ಕೇ, ಆದರೆ ವರ್ಷಕ್ಕೊಂದು ಜೊತೆ ಬಿಸಾಡುವ ಬದಲು ನಾಲ್ಕೈದು ವರ್ಷ ಒಂದೇ ಜೊತೆ ಸಾಗುತ್ತದೆ.

ಗಿಡದ ಚರ್ಮ ಎಂದು ಬರುತ್ತಿರುವ ಮಾಲಿನ ಬಗ್ಗೆ ಒಂದು ಮಾತು. ಅನಾನಸ್ ಎಲೆಯ ನಾರಿನ ಪಿನಾಟೆಕ್ಸ್, ಮೆಕ್ಸಿಕೋದ ಪಾಪಾಸುಕಳ್ಳಿಯ ಡೆಸೆರ್ಟೊ, ಕೇರಳದಲ್ಲಿ ತೆಂಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುವ ಮಲೈ, ಇವೆಲ್ಲ ಒಳ್ಳೆಯ ಪ್ರಯತ್ನಗಳು. ಇಂಥ ಕೆಲಸ ಇನ್ನೂ ಬೆಳೆಯಬೇಕು ಎಂದು ಮನಸಾರೆ ಬಯಸುತ್ತೇನೆ. ಆದರೆ ಮೊದಲಿನ ಎರಡರಲ್ಲೂ ಬಾಳಿಕೆಗೆಂದು ಪ್ಲಾಸ್ಟಿಕ್ ಅಂಶ ಸೇರಿಸುತ್ತಾರೆ. ‘ಪೂರ್ತಿ ಗಿಡದ್ದು’ ಎಂದು ನಂಬಿ ಕೊಳ್ಳಬೇಡಿ. ಕೈಚೀಲಕ್ಕೆ, ಪರ್ಸಿಗೆ ಒಳ್ಳೆಯದು. ದಿನಾ ಧೂಳಿನಲ್ಲಿ ಓಡಾಡುವ ಬೂಟಿಗೆ ಅಷ್ಟು ದುಡ್ಡು ಹಾಕಿ ಎಂದು ಹೇಳಲು ನನಗೆ ಮನಸ್ಸು ಬಾರದು.

ಇನ್ನು ಹಳ್ಳಿ ಕಡೆ ಈಗಲೂ ಸಿಗುವ ಟೈರ್ ಚಪ್ಪಲಿ. ಲಾರಿಯ ಹಳೆ ಟೈರಿನ ಅಡಿ, ಟೈರಿನದೇ ಪಟ್ಟಿ. ಮುಳ್ಳಿನ ಹೊಲದಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಶಾಲೆಗೆ ಆಗಲಿಕ್ಕಿಲ್ಲ, ಹೊಲಕ್ಕೆ ಹೋಗುವ ನಿಮ್ಮ ಮಾವನವರಿಗೆ ಆದೀತು.

ಅಂಗಡಿಯಲ್ಲಿ ಪರೀಕ್ಷೆ ಹೀಗೆ ಮಾಡಿ. ಬೂಟಿನ ಒಳಗೋ ಅಡಿಯಲ್ಲೋ ಸಣ್ಣ ಸ್ಟಿಕ್ಕರ್ ಇರುತ್ತದೆಯೇ ನೋಡಿ. ಯುರೋಪಿಗೆ ಮಾಡಿದ ಮಾದರಿಗಳಲ್ಲಿ ಖಂಡಿತ ಇರುತ್ತದೆ, ಇಲ್ಲಿನ ಎಷ್ಟೋ ಕಂಪನಿಗಳೂ ಹಾಕುತ್ತವೆ. ಹರಡಿದ ತೊಗಲಿನ ಆಕಾರದ ಚಿತ್ರ ಇದ್ದರೆ ಚರ್ಮ. ಆ ತೊಗಲಿನೊಳಗೆ ಸಣ್ಣ ವಜ್ರಾಕಾರ ಇದ್ದರೆ ಮೇಲೆ ಪದರ ಬಳಿದ ಚರ್ಮ. ಬಲೆಯಂತೆ ಹೆಣೆದ ಚೌಕ ಇದ್ದರೆ ಬಟ್ಟೆ. ಬರೀ ವಜ್ರಾಕಾರ ಇದ್ದರೆ ರಬ್ಬರ್, ಪ್ಲಾಸ್ಟಿಕ್ ಮುಂತಾದ ಬೇರೆ ವಸ್ತು. ಮೇಲ್ಭಾಗ, ಒಳಪದರ, ಅಡಿ ಮೂರಕ್ಕೂ ಬೇರೆ ಬೇರೆ ಚಿತ್ರ ಇರುತ್ತದೆ, ಮೂರನ್ನೂ ನೋಡಿ. ಮೇಲೆ ಪಿಯು ಇದ್ದು ಪಾದ ತಾಗುವ ಒಳಹಾಸು ಚರ್ಮದ್ದಾಗಿರುವ ಬೂಟು ಬೇಕಾದಷ್ಟು ಕಂಡಿದ್ದೇನೆ. ಜೀನ್ಸ್ ಪ್ಯಾಂಟಿನ ಸೊಂಟದ ಹಿಂದೆ ಹೊಲಿದಿರುವ ಕಂದು ಪಟ್ಟಿಯನ್ನೂ ಹೀಗೇ ಮರೆತುಬಿಡುತ್ತೇವೆ.

ಸ್ಟಿಕ್ಕರ್ ಇಲ್ಲದಿದ್ದರೆ ಕತ್ತರಿಸಿದ ಅಂಚು ನೋಡಿ. ಚರ್ಮದ ಅಂಚಿನಲ್ಲಿ ನಾರು ನಾರು ಕಾಣುತ್ತದೆ, ಪದರ ಕಾಣುವುದಿಲ್ಲ. ಪಿಯು ಆದರೆ ಕೆಳಗೆ ಬಟ್ಟೆಯ ನೇಯ್ಗೆ, ಮೇಲೆ ತೆಳು ಪೊರೆ. ಮೂಸಿ ನೋಡಿ ನಂಬಬೇಡಿ, ಚರ್ಮದ ವಾಸನೆಯನ್ನೂ ಈಗ ಸಿಂಪಡಿಸುತ್ತಾರೆ. ಅಂಟಿನ ಚಿಂತೆಯನ್ನೂ ಕೆಲವರು ಮಾಡುತ್ತಾರೆ. ಹಿಂದೆ ಬಡಗಿಗಳು ಬಳಸುತ್ತಿದ್ದ ಸರೇಸು ಪ್ರಾಣಿಯ ಎಲುಬು-ತೊಗಲಿನದು. ಈಗ ಬೂಟಿಗೆ ಹಚ್ಚುವ ಸೊಲ್ಯೂಷನ್ ಬಹುಪಾಲು ರಾಸಾಯನಿಕ ಅಂಟು. ರಬ್ಬರ್ ಹದ ಮಾಡುವಾಗ ಸೇರಿಸುವ ಸ್ಟಿಯರಿಕ್ ಆಮ್ಲ ಮಾತ್ರ ಪ್ರಾಣಿ ಕೊಬ್ಬಿನದೂ ಇರಬಹುದು, ತಾಳೆ ಎಣ್ಣೆಯದೂ ಇರಬಹುದು. ಅಂಗಡಿಯವನಿಗೆ ಅದು ಗೊತ್ತಿರುವುದಿಲ್ಲ. ಅಷ್ಟು ದೂರ ಹೋಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಗುರುತುಗಳ ಬಗ್ಗೆಯೂ ಗೊಂದಲ ಇದೆ. ತಿಂಡಿ ಪೊಟ್ಟಣದ ಹಸಿರು ಚುಕ್ಕೆ, ಹೊಸದಾಗಿ ಬಂದ ವೀಗನ್ ಗುರುತು ಎರಡೂ ಬಟ್ಟೆ-ಬೂಟಿಗೆ ಅಲ್ಲ. ‘ಕ್ರೂರತೆ ಇಲ್ಲದ್ದು’ ಎಂಬ ಮಾತು ಬೆಳೆದದ್ದು ಸೌಂದರ್ಯ ಸಾಧನಗಳ ಕಡೆಯಿಂದ. ಅವುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲಿ ನಿಷೇಧಿಸಿತು. ಬಟ್ಟೆ-ಬೂಟಿನ ಮೇಲೆ ಆ ಮಾತು ಬರೆದಿದ್ದರೆ ಅದು ಕಂಪನಿಯದೇ ಮಾತು. ಪ್ರಾಣಿಗಳ ಪರ ಕೆಲಸ ಮಾಡುವ ಪೇಟಾ ಸಂಸ್ಥೆಯ ವೀಗನ್ ಗುರುತು, ಬ್ರಿಟನ್ನಿನ ವೀಗನ್ ಸೊಸೈಟಿಯ ಸೂರ್ಯಕಾಂತಿ ಗುರುತು ಇದ್ದರೆ ನಂಬಬಹುದು. ಆದರೂ ಅವು ಪ್ರಾಣಿಯ ಅಂಶ ಇಲ್ಲ ಎಂದು ಹೇಳುತ್ತವೆಯೇ ಹೊರತು ಬಾಳಿಕೆ ಬರುತ್ತದೆ ಎಂದು ಹೇಳುವುದಿಲ್ಲ.

ಈಗ ಮಾವನವರ ಮಾತಿಗೆ ಬರೋಣ. ಅವರ ಮಾತನ್ನು ತಳ್ಳಿಹಾಕಬೇಡಿ, ಅರ್ಧ ಸತ್ಯ ಅದರಲ್ಲಿದೆ. ಅವರ ಕಾಲದಲ್ಲಿ ಊರಲ್ಲಿ ಸತ್ತ ದನದ ತೊಗಲನ್ನು ಊರಲ್ಲೇ ಹದ ಮಾಡಿ ಚಪ್ಪಲಿ ಹೊಲಿಯುತ್ತಿದ್ದರು. ಸತ್ತ ದನದ ಚರ್ಮವೇ ಬೇಕು ಎಂದು ಗಾಂಧೀಜಿ ಹಟ ಹಿಡಿದು, ವಾರ್ಧಾ ಹತ್ತಿರದ ನಾಲವಾಡಿಯಲ್ಲಿ ಅದಕ್ಕೆಂದೇ ಚರ್ಮ ಹದ ಮಾಡುವ ಕೆಲಸ ನಡೆದಿತ್ತು. ಆದರೆ ಇವತ್ತು ಮಾಲ್‌ನಲ್ಲಿ ಸಿಗುವ ಬೂಟಿನ ಚರ್ಮ ಬಹುತೇಕ ಕಸಾಯಿಖಾನೆಯಿಂದಲೇ ಬರುತ್ತದೆ. ಮಾಂಸವೇ ಮುಖ್ಯ, ಚರ್ಮ ಉಪ ಉತ್ಪನ್ನ ಎನ್ನುವುದು ನಿಜ. ಆ ಚರ್ಮಕ್ಕೂ ಬೆಲೆ ಸಿಗುತ್ತದೆ, ಆ ದುಡ್ಡೂ ಅದೇ ವ್ಯಾಪಾರಕ್ಕೆ ಸೇರುತ್ತದೆ ಎನ್ನುವುದೂ ನಿಜ.

ಭೂಮಿ ಕೆಡುವ ಮಾತಿಗೂ ಎರಡು ಬದಿ ಇವೆ. ಬಹುಪಾಲು ಚರ್ಮವನ್ನು ಹದ ಮಾಡುವುದು ಕ್ರೋಮಿಯಂ ಲವಣದಿಂದ. ನಾನು ಕೆಲಸ ಮಾಡಿದ ಆಂಬೂರಿನ ಪಕ್ಕದಲ್ಲೇ ಪಾಲಾರ್ ನದಿ. ಚರ್ಮದ ಕಾರ್ಖಾನೆಗಳ ನೀರಿನಿಂದ ಆ ನದಿ ಹೇಗೆ ಕೆಟ್ಟಿತು ಎಂಬುದು ಸುಪ್ರೀಂ ಕೋರ್ಟಿನ 1996ರ ತೀರ್ಪಿನಲ್ಲೇ ದಾಖಲಾಗಿದೆ. ಇನ್ನೊಂದು ಕಡೆ ನಿಮ್ಮ ಪಿಯು ಬೂಟು ಕಸದ ಗುಂಡಿಯಲ್ಲಿ ಕರಗುವುದೂ ಇಲ್ಲ. ಹಾಗಾಗಿ ಮಾವನವರಿಗೆ ಹೀಗೆ ಹೇಳಿ: “ಮಾವಾ, ಬೇಗ ಹಾಳಾಗೋ ಪ್ಲಾಸ್ಟಿಕ್ ತಗೊಂಡಿದ್ದು ನನ್ನ ತಪ್ಪು. ಚರ್ಮ ಬೇಡ ಅಂದದ್ದು ತಪ್ಪಲ್ಲ.” ಮುಂದಿನ ಸಲ ಕ್ಯಾನ್ವಾಸ್ ತಗೊಂಡರೆ ಆ ವಾದವೇ ಉಳಿಯುವುದಿಲ್ಲ.

ಒಂದು ಮಾತು ನನಗೆ ಬಹಳ ಮುಖ್ಯ. ಚರ್ಮ ಬೇಡ ಅನ್ನುವುದು ಬೇರೆ, ಚರ್ಮದ ಕೆಲಸ ಮಾಡಿದವರನ್ನು ಕೀಳಾಗಿ ಕಾಣುವುದು ಬೇರೆ. ಬಸವಕಲ್ಯಾಣದ ನೆಲದಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ಕೇಳಿ ಬೆಳೆದವರು ನಾವು. ಸೂಪರ್ ಮಾರ್ಕೆಟ್ ಕಡೆ ಮರದ ನೆರಳಲ್ಲಿ ಕೂತ ಮೋಚಿಯ ಹತ್ತಿರ ನಿಮ್ಮ ಹೊಸ ಕ್ಯಾನ್ವಾಸ್ ಬೂಟು ಒಯ್ಯಿರಿ. ಅಡಿಯ ಸುತ್ತ ಒಂದು ಹೊಲಿಗೆ ಹಾಕಿಸಿ. ಅಂಟು ಬಿಟ್ಟರೂ ಹೊಲಿಗೆ ಬಿಡುವುದಿಲ್ಲ. ಆ ಕೈಯ ಕಸುಬಿಗೆ ಚರ್ಮವೇ ಬೇಕೆಂದಿಲ್ಲ.

ನಿಮ್ಮ ಮನೆಯವರ ಸೇಫ್ಟಿ ಬೂಟಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮೈಕ್ರೋಫೈಬರಿನ ಸೇಫ್ಟಿ ಬೂಟು ಬರುತ್ತವೆ. ಸೇಫ್ಟಿ ಬೂಟಿನ ಭಾರತೀಯ ಮಾನದಂಡವಾದ ಐಎಸ್ 15298 ಗುರುತಿದ್ದು, ಬೆರಳಿನ ಟೋಪಿ 200 ಜೌಲ್ ಪೆಟ್ಟು ತಡೆಯುವಂತಿದ್ದರೆ ಪ್ಯಾಕಿಂಗ್, ಗೋದಾಮು, ಲ್ಯಾಬಿನ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಅವರು ಗೂಡಿನ ಹತ್ತಿರ, ಕ್ಲಿಂಕರ್ (ಸಿಮೆಂಟಿಗೆಂದು ಗೂಡಿನಲ್ಲಿ ಸುಟ್ಟ ಉಂಡೆಗಳು) ತಣಿಸುವ ಕಡೆ, ವೆಲ್ಡಿಂಗ್ ಕಡೆ ಇದ್ದರೆ ಬೇಡ. ಗೂಡಿನೊಳಗಿನ ಕ್ಲಿಂಕರ್ 1,400 ಡಿಗ್ರಿ ಮೀರಿರುತ್ತದೆ. ಕೆಂಡದಂಥ ಚೂರು ಬಿದ್ದರೆ ಚರ್ಮ ಸುಟ್ಟು ಕರಕಲಾಗುತ್ತದೆ, ಪ್ಲಾಸ್ಟಿಕ್ ಕರಗಿ ಕಾಲಿಗೆ ಅಂಟುತ್ತದೆ. ಬಿಸಿ ಕೆಲಸಕ್ಕೆಂದೇ ಪರೀಕ್ಷೆಯಾದ ಬೂಟು ಯಾವುದು ಎಂದು ಅಲ್ಲಿನ ಸೇಫ್ಟಿ ಅಧಿಕಾರಿಯನ್ನು ಕೇಳಲಿ. ಅವರು ಚರ್ಮದ್ದೇ ಬೇಕು ಅಂದರೆ ಚರ್ಮದ್ದೇ ಹಾಕಲಿ. 1944ರಲ್ಲಿ ಶುರುವಾದ ವೀಗನ್ ಸೊಸೈಟಿಯ ವ್ಯಾಖ್ಯೆಯಲ್ಲೇ ‘ಸಾಧ್ಯವಾದಷ್ಟು, ನಡೆಸಿಕೊಂಡು ಹೋಗಲು ಆಗುವಷ್ಟು’ ಎಂಬ ಮಾತಿದೆ. ಕಾಲು ಉಳಿಸಿಕೊಳ್ಳುವುದು ಅದರೊಳಗೇ ಬರುತ್ತದೆ.

ಇನ್ನು ರೇಷ್ಮೆ. ಹುಳು ಗೂಡು ಕಟ್ಟಿ ಒಳಗೆ ಕೋಶವಾಗುತ್ತದೆ. ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ, ಸುಮಾರು ಕಿಲೋಮೀಟರ್ ಉದ್ದದ ಒಂದೇ ಎಳೆ ತುಂಡಾಗುತ್ತದೆ. ಅದಕ್ಕೇ ಹೊರಬರುವ ಮೊದಲೇ ಹಬೆಯಲ್ಲೋ ಬಿಸಿ ಗಾಳಿಯಲ್ಲೋ ಸಾಯಿಸಿ, ಬಿಸಿ ನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಒಂದು ಗೂಡು ಎರಡು ಗ್ರಾಂ ಆಸುಪಾಸು. ಲೆಕ್ಕ ನೀವೇ ಹಾಕಿ.

ಅಹಿಂಸಾ ರೇಷ್ಮೆಯಲ್ಲಿ ಚಿಟ್ಟೆ ಹೊರಬರಲು ಬಿಡುತ್ತಾರೆ. ಹೈದರಾಬಾದಿನ ಕುಸುಮ ರಾಜಯ್ಯ 1990ರ ದಶಕದಲ್ಲಿ ಇದನ್ನು ಶುರು ಮಾಡಿದರು, ಅವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ತುಂಡಾದ ಎಳೆಗಳನ್ನು ಹತ್ತಿಯ ಹಾಗೆ ನೂತು ಮಾಡುವುದರಿಂದ ಹೊಳಪು ಸ್ವಲ್ಪ ಕಡಿಮೆ, ಬೆಲೆ ಜಾಸ್ತಿ. ಆದರೆ ಸಾಕಿದ ರೇಷ್ಮೆ ಚಿಟ್ಟೆ ಸಾವಿರಾರು ವರ್ಷದ ಸಾಕಣೆಯಿಂದ ಹಾರುವುದನ್ನೇ ಮರೆತಿದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಅಷ್ಟೂ ಮರಿಗಳಿಗೆ ಹಿಪ್ಪುನೇರಳೆ ಸೊಪ್ಪು ಯಾರೂ ಹಾಕಲಾರರು. ಆದ್ದರಿಂದ ನೋವು ಕಡಿಮೆ ಅನ್ನಬಹುದು, ಇಲ್ಲವೇ ಇಲ್ಲ ಅನ್ನಲಾಗದು. ಅಸ್ಸಾಮಿನ ಎರಿ ರೇಷ್ಮೆಯನ್ನೂ ಕೆಲವರು ಅಹಿಂಸೆಯದೆಂದು ಮಾರುತ್ತಾರೆ. ಎರಿ ಗೂಡಿನ ಬಾಯಿ ತೆರೆದಿರುವುದು ನಿಜ, ಆದರೆ ಅದರ ಕೋಶವನ್ನು ಅಲ್ಲಿ ಅಡುಗೆ ಮಾಡಿ ತಿನ್ನುವ ರೂಢಿ ಇದೆ. ಹಾಲನ್ನೂ ಬಿಟ್ಟ ನಿಮಗೆ ಇವೆರಡೂ ಸಮಾಧಾನ ಕೊಡುತ್ತವೆ ಎಂದು ನನಗೆ ಅನ್ನಿಸುವುದಿಲ್ಲ.

ಮದುವೆಗೆ ಹೊಸ ಸೀರೆಯೇ ಬೇಕು ಅಂದರೆ ಇಳಕಲ್ ತಗೊಳ್ಳಿ. ವೈಶಾಖದ ಬಿಸಿಲಿಗೆ ಹತ್ತಿಯ ಇಳಕಲ್‌ನಷ್ಟು ಹಿತವಾದದ್ದು ಬೇರೆ ಇಲ್ಲ. ಆದರೆ ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಇಳಕಲ್ಲಿನಲ್ಲಿ ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಒಡಲು ಪೂರಾ ಹತ್ತಿ ಇದ್ದರೂ ತೋಪ ತೆನಿ ಸೆರಗು ರೇಷ್ಮೆಯದಿರಬಹುದು. ‘ಕಾಟನ್ ಇಳಕಲ್’ ಎಂದು ಅಂಗಡಿಯವರು ಹೇಳಿದರೆ ಅದು ಸುಳ್ಳಲ್ಲ, ಅವರು ಹೇಳುತ್ತಿರುವುದು ಒಡಲಿನ ಮಾತು. ‘ಸೆರಗು ಏನ್ರೀ, ರೇಷ್ಮಿನೋ ಚಮಕಾನೋ?’ ಎಂದು ಬಿಡಿಸಿ ಕೇಳಿ. ಚಮಕಾ ಅಂದರೆ ಆರ್ಟ್ ಸಿಲ್ಕ್, ಅಂದರೆ ಮರದ ತಿರುಳಿನಿಂದ ಮಾಡಿದ ರೇಯಾನ್. ಜಂಪರಿಗೆ ಗುಳೇದಗುಡ್ಡದ ಖಣ ತಗೊಂಡರೂ ಇದೇ ಪ್ರಶ್ನೆ ಕೇಳಬೇಕು. ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅದು ಅಪ್ಪಟ ರೇಷ್ಮೆ ಎಂಬ ಖಾತ್ರಿ. ನಿಮಗೆ ಅದು ಬೇಡದ್ದನ್ನು ಗುರುತಿಸುವ ಚೀಟಿ.

ಅನುಮಾನ ಉಳಿದರೆ ಮನೆಯಲ್ಲಿ ಎಳೆ ಸುಟ್ಟು ನೋಡಬಹುದು. ಸೆರಗಿನ ಕುಚ್ಚಿನಿಂದ ಎರಡು ಎಳೆ, ಒಡಲಿನ ಅಂಚಿನಿಂದ ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿಯಿರಿ. ಕೆಳಗೆ ಸ್ಟೀಲ್ ತಟ್ಟೆಯಲ್ಲಿ ನೀರು ಇರಲಿ. ಹತ್ತಿ, ರೇಯಾನ್ ಎರಡೂ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತವೆ. ರೇಷ್ಮೆ, ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ ಕೂಡಲೇ ಆರುತ್ತದೆ, ತುದಿಯ ಕರಿ ಉಂಡೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಸ್ಟರ್ ಕರಗಿ ತೊಟ್ಟಿಕ್ಕಿ, ಒತ್ತಿದರೂ ಒಡೆಯದ ಗಟ್ಟಿ ಮಣಿಯಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಮುಟ್ಟಿ, ಬಿಸಿ ಪಾಲಿಸ್ಟರ್ ಚರ್ಮಕ್ಕೆ ಹತ್ತಿದರೆ ಬಿಡುವುದಿಲ್ಲ.

ಇದೇ ಕಾರಣಕ್ಕೆ ಹೋಮದ ಹತ್ತಿರ ಕೂರುವವರು, ಅಡುಗೆಗೆ ನಿಲ್ಲುವವರು ‘ಸಾಫ್ಟ್ ಸಿಲ್ಕ್’ ಎಂದು ಮಾರುವ ಪಾಲಿಸ್ಟರ್ ಸೀರೆ ಉಡಬೇಡಿ. ಬೆವರನ್ನೂ ಅದು ಹೀರುವುದಿಲ್ಲ. ರೇಯಾನ್ ತಂಪು, ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಒಗೆದು ಹಿಂಡಬೇಡಿ. ಹತ್ತಿಯೂ ಪಾಪ ಇಲ್ಲದ್ದೇನಲ್ಲ. ಯಾದಗಿರಿ ಕಡೆಯ ಹತ್ತಿ ಹೊಲದಲ್ಲಿ ಎಷ್ಟು ಔಷಧಿ ಹೊಡೆಯುತ್ತಾರೆ ಎಂದು ನಿಮಗೂ ಗೊತ್ತು. ಹತ್ತು ಸೀರೆಯ ಬದಲು ಎರಡು ಒಳ್ಳೆಯದು ತಗೊಳ್ಳಿ ಎಂದಷ್ಟೇ ಹೇಳುತ್ತೇನೆ. ಮಡಿಗೆ ರೇಷ್ಮೆಯೇ ಬೇಕು ಎಂದು ಹಿರಿಯರು ಅಂದರೆ, ಒಗೆದು ಯಾರೂ ಮುಟ್ಟದಂತೆ ಒಣಗಿಸಿದ ಹತ್ತಿ ಬಟ್ಟೆಯೂ ಮಡಿಯೇ ಎಂದು ನೆನಪು ಮಾಡಿ. ಸ್ವೆಟರ್ ವಿಷಯ ಸುಲಭ. ಪೇಟೆಯಲ್ಲಿ ‘ಉಲನ್’ ಎಂದು ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಅಕ್ರಿಲಿಕ್. ಬೀದರಿನ ಚಳಿಗೂ ದಪ್ಪ ಹತ್ತಿಯದು ಸಾಕು.

ತಾಯಿ ಕೊಟ್ಟ ಸೀರೆಯನ್ನು ಎಸೆಯಬೇಡಿ. ಅದನ್ನು ಉಟ್ಟರೆ ಇನ್ನೊಂದು ಹುಳು ಸಾಯುವುದಿಲ್ಲ, ಎಸೆದರೆ ಸತ್ತ ಹುಳುವೂ ಬದುಕುವುದಿಲ್ಲ. ಉಡಲು ಮನಸ್ಸು ಒಪ್ಪದಿದ್ದರೆ ಅದೂ ಸರಿಯೇ. ನಾದಿನಿಗೋ ತಂಗಿಗೋ ಕೊಟ್ಟರೆ ಅವರು ಒಂದು ಹೊಸ ರೇಷ್ಮೆ ಕೊಳ್ಳುವುದು ತಪ್ಪುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತಂಗೀ, ಮದುವೆಯ ದಿನ ನಿಮ್ಮ ತಾಯಿಯ ಸೀರೆಯನ್ನೇ ಉಡಿ, ಹೊಸದು ಏನೂ ಕೊಳ್ಳಬೇಡಿ. ಸದ್ಯಕ್ಕೆ ಅದನ್ನು ಟ್ರಂಕಿನಿಂದ ಹೊರಗೆ ತೆಗೆಯಿರಿ. ಬಿಸಿಲಿಗೆ ಹಾಕದೆ ನೆರಳಲ್ಲಿ ಅರ್ಧ ದಿನ ಹರವಿ. ಹಳೆಯ ಮಡಿಕೆಯಲ್ಲೇ ಇಟ್ಟರೆ ಜರಿ ಅಲ್ಲೇ ಮುರಿಯುತ್ತದೆ, ಮಡಿಕೆ ಬದಲಿಸಿ. ಪ್ಲಾಸ್ಟಿಕ್ ಚೀಲ ತೆಗೆದು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನುಸಿ ಗುಳಿಗೆ ಹಾಕುವುದಾದರೆ ಜರಿಗೆ ತಾಗದ ಹಾಗೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ.